ಬರೆದದ್ದನ್ನು ತಾನಾಗಿ ಓದಿಸೋದು ಹೇಗೆ? (ಎಪಿಎಂಸಿ ಎಡವಟ್ಟಿನ ಸಮೇತ)

ಪ್ರಶ್ನೆ, ಮೂಡಿಗೆರೆಯಿಂದ:

ನಮಸ್ತೆ ಸರ್. ನಾನು ದಿನಾ ಸಂಜೆ ಬೆಳೆಗಾರರಿಗೆ ಒಂದು ಪುಟ್ಟ ಟಿಪ್ಪಣಿ ಬರೆಯುತ್ತೇನೆ. ಕಾಫಿ, ಮೆಣಸಿನ ರೇಟು, ಎಲ್ಲೆಲ್ಲಿ ಎಷ್ಟು ಮಳೆ, ತೋಟದಲ್ಲಿ ಈಗ ಏನು ಕೆಲಸ, ಇಷ್ಟೇ. ಭಾನುವಾರ ಮಾತ್ರ ಸ್ವಲ್ಪ ಉದ್ದ, ಏಳುನೂರು ಪದ ಆಗುತ್ತದೆ. ಕಣ್ಣಿನ ಆಪರೇಷನ್ ಆದಮೇಲೆ ನಮ್ಮ ಮಾವನವರಿಗೆ ಫೋನಿನಲ್ಲಿ ಓದೋದು ಕಷ್ಟ. ಅವರ ವಯಸ್ಸಿನ ಇನ್ನೂ ಹತ್ತಾರು ಜನ "ಓದಿ ಕಳಿಸಮ್ಮ" ಅನ್ನುತ್ತಾರೆ. ಗೂಗಲ್ ಶೀಟಿನಲ್ಲಿ ಬರೆದ ತಕ್ಷಣ ಅದು ಆಡಿಯೋ ಆಗಿ ವಾಟ್ಸಾಪ್ ಗ್ರೂಪಿಗೆ ಹೋಗುವ ಹಾಗೆ ಮಾಡಬಹುದಾ? ನನಗೆ ಕೋಡಿಂಗ್ ಬರಲ್ಲ. ಯೂಟ್ಯೂಬ್ ನೋಡಿಕೊಂಡು, ಕೆಲಸಗಳನ್ನು ತಾನಾಗಿ ಮಾಡಿಸುವ ಟೂಲ್ ಆದ ಎನ್‌8ಎನ್‌ನಲ್ಲಿ ಗೂಗಲ್ ದನಿ ಜೋಡಿಸಿದೆ. ದಿನದ ಟಿಪ್ಪಣಿ ಚೆನ್ನಾಗಿ ಬಂತು. ಭಾನುವಾರದ್ದಕ್ಕೆ ಎರರ್.

ಉತ್ತರ, ಹಾಸನದಿಂದ:

ಮೇಡಂ, ಅರ್ಧ ದಾರಿ ನೀವೇ ಬಂದಿದ್ದೀರಿ. ಮೊದಲು ಆ ಎರರ್ ನೋಡೋಣ.

ಗೂಗಲ್‌ನ ಟೆಕ್ಸ್ಟ್ ಟು ಸ್ಪೀಚ್ ಒಂದು ಸಲಕ್ಕೆ 5000 ಬೈಟ್ ಮಾತ್ರ ತೆಗೆದುಕೊಳ್ಳುತ್ತದೆ. ಇಲ್ಲಿ ಎಲ್ಲರೂ ಎಡವುತ್ತಾರೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ್ದಕ್ಕೆ ಮೂರು. ಅದರಲ್ಲೂ ಕಂಪ್ಯೂಟರ್ ಎಣಿಸುವ ರೀತಿ ಬೇರೆ. "ಕಾಫಿ" ನಮಗೆ ಎರಡು ಅಕ್ಷರ. ಕಂಪ್ಯೂಟರ್‌ಗೆ ಕ, ದೀರ್ಘ, ಫ, ಗುಡಿಸು ಅಂತ ನಾಲ್ಕು ತುಂಡು, ಅಂದರೆ 12 ಬೈಟ್. "ಸ್ತ್ರೀ" ಅಂತ ಒಂದೇ ಅಕ್ಷರ ಬರೆದರೆ 18 ಬೈಟ್ ಹೋಯಿತು. ಹೀಗೆ ಲೆಕ್ಕ ಹಾಕಿದರೆ ನಿಮ್ಮ ಭಾನುವಾರದ ಬರಹ 15,000 ಬೈಟ್ ಆಸುಪಾಸು ಇರುತ್ತದೆ. ಮೂರು ನಾಲ್ಕು ತುಂಡು ಮಾಡಿ ಕಳಿಸಬೇಕು. ತುಂಡು ಮಾಡಿದರೆ ಮತ್ತೆ ಅಂಟಿಸಬೇಕು. ಎಂಪಿ3 ತುಂಡುಗಳನ್ನು ಸುಮ್ನೆ ಒಂದರ ಹಿಂದೆ ಒಂದು ಸೇರಿಸಿದರೆ ಕೆಲವು ಫೋನಿನಲ್ಲಿ ಒಟ್ಟು ಸಮಯ ತಪ್ಪು ತೋರಿಸುತ್ತದೆ. ನೀಟಾಗಿ ಆಗಬೇಕಾದರೆ ಆಡಿಯೋ ಜೋಡಿಸುವ ಟೂಲ್ ಆದ ಎಫ್‌ಎಫ್‌ಎಂಪೆಗ್ ಬೇಕು. ಇಷ್ಟು ರಗಳೆ ನಿಮಗೆ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೈಕ್ರೋಸಾಫ್ಟ್ ಅಜ್ಯೂರ್ ದನಿ ಹಾಕುತ್ತಿದ್ದೆ. ಅದು ಒಂದು ಸಲಕ್ಕೆ ಹತ್ತು ನಿಮಿಷದ ಆಡಿಯೋವರೆಗೆ ಕೊಡುತ್ತದೆ. ಏಳುನೂರು ಪದ ನಿಧಾನಕ್ಕೆ ಓದಿದರೂ ಅದರೊಳಗೆ ಮುಗಿಯುತ್ತದೆ. ಕನ್ನಡಕ್ಕೆ ಸಪ್ನಾ ಅಂತ ಹೆಣ್ಣು ದನಿ, ಗಗನ್ ಅಂತ ಗಂಡು ದನಿ ಇವೆ. ತಿಂಗಳಿಗೆ 5 ಲಕ್ಷ ಅಕ್ಷರದವರೆಗೆ ಉಚಿತ. ನಿಮ್ಮದು ದಿನದ್ದು, ವಾರದ್ದು ಎಲ್ಲ ಸೇರಿದರೂ ಅದರ ಹತ್ತಿರಕ್ಕೂ ಹೋಗಲ್ಲ. ಒಂದು ಎಚ್ಚರ ಇರಲಿ. ಅಜ್ಯೂರ್‌ಗೆ ಬರಹವನ್ನು ಎಸ್‌ಎಸ್‌ಎಂಎಲ್ ಅನ್ನೋ ಚೌಕಟ್ಟಿನಲ್ಲಿ ಕಳಿಸಬೇಕು. ನೀವು "ಕಾಫಿ & ಮೆಣಸು" ಅಂತ ಬರೆಯುತ್ತೀರಲ್ಲ, ಆ & ಒಂದೇ ಸಾಕು, ಚೌಕಟ್ಟು ಒಡೆದು ಎರರ್ ಬರೋದಕ್ಕೆ. "ಮತ್ತು" ಅಂತಲೇ ಬರೆಯಿರಿ.

ಜೋಡಣೆ ಅರ್ಧ ಗಂಟೆ ಕೆಲಸ. ಶೀಟಿನಲ್ಲಿ "ಸ್ಥಿತಿ" ಅಂತ ಒಂದು ಕಾಲಂ ಇಡಿ. ನೀವು "ಸಿದ್ಧ" ಅಂತ ಹಾಕಿದ ಸಾಲನ್ನು ಮಾತ್ರ ನೀವು ಜೋಡಿಸಿದ ಹೆಜ್ಜೆಗಳ ಸರಣಿ, ಅಂದರೆ ವರ್ಕ್‌ಫ್ಲೋ ಎತ್ತಿಕೊಳ್ಳಲಿ, ಆಡಿಯೋ ಆದಮೇಲೆ ಅದೇ "ಆಯ್ತು" ಅಂತ ಬದಲಿಸಲಿ. ಇದು ಇಲ್ಲದಿದ್ದರೆ ಒಂದೇ ಟಿಪ್ಪಣಿ ನಾಲ್ಕು ಸಲ ಓದಿಸಿಕೊಂಡು ಕೂರುತ್ತೀರಿ.

ಇಲ್ಲಿಗೆ ಸುಲಭದ ಭಾಗ ಮುಗಿಯಿತು. ನಿಜವಾದ ಕೆಲಸ ಇರೋದು ದನಿಗೆ ಕಳಿಸುವ ಮುಂಚೆ. ನಾವು ಕಣ್ಣಿಗೆ ಬರೆಯುತ್ತೇವೆ, ಕಿವಿಗೆ ಅಲ್ಲ. ಕಳೆದ ವರ್ಷ ಒಬ್ಬ ಕಾಫಿ ವ್ಯಾಪಾರಿಗೆ ಇಂಥದ್ದೇ ಮಾಡಿಕೊಟ್ಟೆ. ಅವರು "ಎಪಿ 50 ಕೆ.ಜಿ. 27,500" (ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ, 50 ಕಿಲೋಗೆ 27,500 ರೂಪಾಯಿ) ಅಂತ ಬರೆಯೋರು. ಆ ದನಿ "ಕೆ." ಹತ್ತಿರ ವಾಕ್ಯ ಮುಗಿಯಿತು ಅಂತ ಉಸಿರು ತೆಗೆದುಕೊಂಡಿತು. ಅಲ್ಪವಿರಾಮ ನೋಡಿ "ಇಪ್ಪತ್ತೇಳು, ಐನೂರು" ಅಂದಿತು. ಗೊಬ್ಬರದ 17:17:17 ಅನ್ನು ಗಡಿಯಾರ ಅಂದುಕೊಂಡು ಗಂಟೆ, ನಿಮಿಷ ಹೇಳಿತು! ಮಳೆಯಂತೂ ಕೇಳಲೇಬೇಡಿ. 1.20 ಇಂಚನ್ನು "ಒಂದು ಬಿಂದು ಎರಡು ಸೊನ್ನೆ" ಅಂದರೆ ತೋಟದವರಿಗೆ ಏನು ಅರ್ಥ ಆಗಬೇಕು? ನಾವು ಹೇಳೋದು ಒಂದು ಇಂಚು ಇಪ್ಪತ್ತು ಸೆಂಟು.

ಅದಕ್ಕೆ ಶೀಟಿನಲ್ಲಿ ಇನ್ನೊಂದು ಹಾಳೆ ತೆಗೆದು ಎರಡು ಕಾಲಂ ಮಾಡಿ: "ಬರೆದದ್ದು", "ಓದಬೇಕಾದ್ದು". ಎಪಿ ಎದುರು ಅರೇಬಿಕಾ ಪಾರ್ಚ್‌ಮೆಂಟ್. ಆರ್‌ಸಿ ಎದುರು ರೋಬಸ್ಟಾ ಚೆರಿ. ಕೆ.ಜಿ. ಎದುರು ಕಿಲೋ. ಎಸ್.795 ಅನ್ನೋ ಕಾಫಿ ತಳಿಯ ಎದುರು ಸೆವೆನ್ ನೈಂಟಿ ಫೈವ್, ಯಾಕಂದ್ರೆ ಆ ಗಿಡವನ್ನು ಏಳುನೂರ ತೊಂಬತ್ತೈದು ಅನ್ನುವ ಬೆಳೆಗಾರನನ್ನು ನಾನಂತೂ ನೋಡಿಲ್ಲ. ದನಿಗೆ ಕಳಿಸುವ ಮುಂಚೆ ಈ ಹಾಳೆಯ ಪ್ರಕಾರ ಪದ ಬದಲಾಗಲಿ. ಮಳೆ ಲೆಕ್ಕ, ಸಂಖ್ಯೆಯ ನಡುವಿನ ಅಲ್ಪವಿರಾಮ ಇವಕ್ಕೆ ಐದಾರು ಸಾಲು ಕೋಡ್ ಬೇಕಾಗುತ್ತದೆ. ಯಾವುದಾದರೂ ಎಐ ಚಾಟ್‌ಗೆ ಹೇಳಿದರೆ ಬರೆದುಕೊಡುತ್ತದೆ. ಹೆದರಬೇಡಿ.

ನಾನು ಬಿದ್ದ ಹಳ್ಳ ಎರಡು ಇವೆ, ಹೇಳಿಬಿಡುತ್ತೇನೆ. ಆ ಪಟ್ಟಿ ಹಾಕಿದ ಮೊದಲ ದಿನವೇ ಆಡಿಯೋದಲ್ಲಿ "ಅರೇಬಿಕಾ ಪಾರ್ಚ್‌ಮೆಂಟ್ ಎಂಸಿಯಲ್ಲಿ ಇಂದು ಮೆಣಸು" ಅಂತ ಬಂತು. ಏನಪ್ಪಾ ಇದು ಅಂತ ನೋಡಿದರೆ, ಎಪಿಎಂಸಿ ಒಳಗಿನ "ಎಪಿ"ಯನ್ನೂ ಅದು ಬದಲಿಸಿತ್ತು. ಉದ್ದದ ಪದ ಮೇಲೆ, ಗಿಡ್ಡದ್ದು ಕೆಳಗೆ ಇರಲಿ. ಎಪಿಎಂಸಿಯನ್ನು ಮೊದಲೇ "ಎ ಪಿ ಎಂ ಸಿ" ಅಂತ ಬಿಡಿಸಿಬಿಟ್ಟರೆ ಆಮೇಲೆ ತೊಂದರೆ ಇಲ್ಲ. ಇನ್ನೊಂದು ಹಳ್ಳ ಕಣ್ಣಿಗೆ ಕಾಣೋದೇ ಇಲ್ಲ. ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಬೋರ್ಡ್‌ಗಳು ಒಂದು ಕಾಣದ ಗುರುತು ಸೇರಿಸುತ್ತವೆ. ಪರದೆಯ ಮೇಲೆ ಎರಡೂ "ಬೋರ್ಡ್" ಒಂದೇ ಥರ. ಕಂಪ್ಯೂಟರ್‌ಗೆ ಬೇರೆ ಬೇರೆ. ಪಟ್ಟಿಯಲ್ಲಿ ಪದ ಇದ್ದೂ ಬದಲಾಗುತ್ತಿಲ್ಲ ಅಂದರೆ ಇದೇ ಕಾರಣ. ಟಿಪ್ಪಣಿಯಿಂದ ಆ ಪದವನ್ನು ಕಾಪಿ ಮಾಡಿ ಪಟ್ಟಿಗೆ ಹಾಕಿ, ಸರಿಹೋಗುತ್ತದೆ.

ವಾಟ್ಸಾಪ್ ವಿಷಯ. ನಮ್ಮ ಮಾಮೂಲಿ ಗ್ರೂಪಿಗೆ ತಾನಾಗಿ ಕಳಿಸೋಕೆ ಅಧಿಕೃತ ದಾರಿ ಇಲ್ಲ. ಅಡ್ಡದಾರಿಯ ಟೂಲ್‌ಗಳಿವೆ, ಆದರೆ ನಂಬರ್ ಬ್ಲಾಕ್ ಆದರೆ ನಿಮ್ಮ ಗ್ರೂಪೇ ಹೋಯಿತು. ಆಡಿಯೋ ಟೆಲಿಗ್ರಾಂ ಬಾಟ್ (ತಾನಾಗಿ ಸಂದೇಶ ಕಳಿಸುವ ಖಾತೆ) ಮೂಲಕ ನಿಮ್ಮೊಬ್ಬರಿಗೇ ಬರಲಿ. ಕೇಳಿ, ರೇಟು ಸರಿ ಇದೆ ಅಂತ ನೋಡಿ, ಆಮೇಲೆ ನೀವೇ ಗ್ರೂಪಿಗೆ ಹಾಕಿ. ಈ ಒಂದು ಹೆಜ್ಜೆ ಕೈಯಲ್ಲೇ ಇರೋದು ಒಳ್ಳೇದು. ರೇಟು ತಪ್ಪು ಕೇಳಿಸಿಕೊಂಡು ಯಾರಾದರೂ ಚೀಲ ಮಾರಿದರೆ ಬೈಗುಳ ನಿಮಗೇ ಅಲ್ವಾ?

ಪ್ರಶ್ನೆ, ಬೇಲೂರಿನಿಂದ:

ಅಣ್ಣ, ನಾನೂ ಗೂಗಲ್ ದನಿ ಹಾಕಿದ್ದೀನಿ. ನನಗೆ ಆಡಿಯೋನೇ ಬರ್ತಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ ಕಲಸಿದ ಪುಟಗಟ್ಟಲೆ ಸಾಲು ಬರ್ತಿದೆ.

ಉತ್ತರ:

ಅದೇ ಆಡಿಯೋ ತಮ್ಮ. ಗೂಗಲ್ ಅದನ್ನು ಬೇಸ್64 ಅನ್ನೋ ಬರಹದ ರೂಪದಲ್ಲಿ ಕಟ್ಟಿ ಕಳಿಸುತ್ತದೆ. ಎನ್‌8ಎನ್‌ನಲ್ಲಿ "ಕನ್ವರ್ಟ್ ಟು ಫೈಲ್" ಅಂತ ನೋಡ್, ಅಂದರೆ ಒಂದು ಹೆಜ್ಜೆ, ಇದೆ, ಅದರಲ್ಲಿ ಬೇಸ್64 ಆಯ್ಕೆ ಮಾಡು, ಫೈಲಿನ ಹೆಸರಿನ ಕೊನೆಗೆ ಎಂಪಿ3 ಹಾಕು. ಅಜ್ಯೂರ್ ನೇರ ಫೈಲೇ ಕೊಡುತ್ತದೆ, ಅಲ್ಲಿ ಈ ಹೆಜ್ಜೆ ಬೇಡ.

ಪ್ರಶ್ನೆ, ಸಕಲೇಶಪುರದಿಂದ:

ಏಳು ನಿಮಿಷದ್ದು ಓದೋಕೆ ಇಷ್ಟೆಲ್ಲ ಯಾಕೆ ಸ್ವಾಮಿ? ಫೋನ್ ತೆಗೆದು ಓದಿ ಕಳಿಸಿದರೆ ಆಯ್ತಪ್ಪ. ಮೇಕ್, ಝೇಪಿಯರ್ ಅಂತ ಎನ್‌8ಎನ್ ಥರದ ಟೂಲ್‌ಗಳಿಗೆ ದುಡ್ಡು ಬೇರೆ ಕಟ್ಟಬೇಕು.

ಉತ್ತರ:

ನಿಮ್ಮ ಮಾತು ಅರ್ಧ ಒಪ್ಪುತ್ತೇನೆ ಸರ್. ವಾರಕ್ಕೆ ಒಂದೇ ಬರಹ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮನುಷ್ಯರ ದನಿ ಮನುಷ್ಯರದ್ದೇ. ಮೇಡಂ, ಭಾನುವಾರದ್ದನ್ನು ನೀವೇ ಓದಿದರೆ ಮಾವನವರಿಗೂ ಖುಷಿಯಾಗಬಹುದು, ಯೋಚನೆ ಮಾಡಿ. ಆದರೆ ದಿನಾ ಸಂಜೆ, ನೆಗಡಿ ಇರಲಿ, ಮನೆಗೆ ನೆಂಟರು ಬಂದಿರಲಿ, ಅದೇ ರೇಟು, ಅದೇ ಮಳೆ ಲೆಕ್ಕ ಓದೋದು ಸುಸ್ತಿನ ಕೆಲಸ. ಅಲ್ಲಿ ಮೆಷಿನ್ ಇರಲಿ.

ದುಡ್ಡಿನ ವಿಷಯದಲ್ಲಿ, ಎಣಿಸುವ ರೀತಿ ನೋಡಿ. ಝೇಪಿಯರ್ ಪ್ರತಿ ಕೆಲಸವನ್ನೂ ಬೇರೆ ಬೇರೆ ಎಣಿಸುತ್ತದೆ. ಎನ್‌8ಎನ್ ಕ್ಲೌಡ್‌ನಲ್ಲಿ ವರ್ಕ್‌ಫ್ಲೋ ಒಂದು ಸಲ ಓಡಿದರೆ ಒಂದೇ ಲೆಕ್ಕ, ಒಳಗೆ ಎಷ್ಟು ಹೆಜ್ಜೆ ಇದ್ದರೂ ಸರಿ. ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ಎಣಿಕೆಯೇ ಇಲ್ಲ. ಆದರೆ ಅದನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಡಬೇಡಿ. ಜುಲೈನಲ್ಲಿ ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ಮೂರು ದಿನ ಕರೆಂಟ್ ಇರಲ್ಲ, ಮಳೆ ಲೆಕ್ಕ ಎಲ್ಲರಿಗೂ ಬೇಕಾಗಿರೋದು ಆಗಲೇ.

ಮೂಡಿಗೆರೆಯಿಂದ, ನಾಲ್ಕು ದಿನ ಬಿಟ್ಟು:

ಸರ್, ಆಯಿತು! ಸಪ್ನಾ ದನಿ ಇಟ್ಟೆ. ಪಟ್ಟಿಯಲ್ಲಿ ಈಗ 41 ಪದ ಇವೆ. ಮಾವ ಕೇಳಿ, "ಯಾವ ಊರಿನ ಹುಡುಗಿ ಇದು? ಇಂಚು, ಸೆಂಟು ಎಲ್ಲ ಸರಿಯಾಗಿ ಹೇಳ್ತಾಳೆ, ಕೊಟ್ಟಿಗೆಹಾರ ಅನ್ನೋಕೆ ಮಾತ್ರ ಬರಲ್ಲ" ಅಂದರು. ಆ ಊರಿನ ಹೆಸರನ್ನು ದನಿ ಒಂದೇ ಉಸಿರಿಗೆ ಗಡಿಬಿಡಿಯಲ್ಲಿ ನುಂಗಿಬಿಡುತ್ತದೆ ಸರ್.

ಉತ್ತರ:

"ಕೊಟ್ಟಿಗೆ ಹಾರ" ಅಂತ ನಡುವೆ ಜಾಗ ಬಿಟ್ಟು 42ನೇ ಸಾಲು ಸೇರಿಸಿ. ಆಗಲಿಲ್ಲ ಅಂದರೆ ಆಡಿಯೋ ಇಲ್ಲೇ ಹಾಕಿ, ಕೇಳಿ ಹೇಳುತ್ತೇನೆ.