ಆರಂಭದಲ್ಲೇ ನಿಲ್ಲಿಸಿದವರಿಗೆ: ‘ದಿ ವೈಲ್ಡ್ ಬಂಚ್’ ನೋಡಿದವರ ಅನುಭವಗಳು

ಕೇಳಿದವರು: ಸ್ಯಾಮ್ ಪೆಕಿನ್‌ಪಾ ನಿರ್ದೇಶಿಸಿದ 1969ರ ವೆಸ್ಟರ್ನ್ (ಕೌಬಾಯ್ ಕಥೆಯ) ಚಿತ್ರ ‘ದಿ ವೈಲ್ಡ್ ಬಂಚ್’ ಅನ್ನು ಮೊದಲ ಬಾರಿಗೆ ನೋಡಲು ಕುಳಿತು, ಆರಂಭದ ದರೋಡೆಯ ದೃಶ್ಯ ಮುಗಿಯುತ್ತಿದ್ದಂತೆ ನಿಲ್ಲಿಸಿಬಿಟ್ಟೆ. ಮದ್ಯಪಾನದ ವಿರುದ್ಧ ಮೆರವಣಿಗೆ ಹೊರಟ ಸಾಮಾನ್ಯ ಜನ ಎರಡೂ ಕಡೆಯ ಗುಂಡಿಗೆ ಸಿಕ್ಕಿ ಸಾಯುವುದನ್ನು ಇಷ್ಟು ವಿವರವಾಗಿ ತೋರಿಸುವುದರಲ್ಲಿ ಏನು ದೊಡ್ಡತನವಿದೆಯೋ ನನಗೆ ತಿಳಿಯಲಿಲ್ಲ. ನನ್ನಂತೆ ಅನುಮಾನದಿಂದಲೇ ನೋಡಿದವರಿದ್ದರೆ, ಮುಂದುವರಿಸಬೇಕೇ ಬೇಡವೇ ಎಂಬುದನ್ನು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಾನೂ ಒಮ್ಮೆ ಅಲ್ಲಿಯೇ ನಿಲ್ಲಿಸಿದ್ದೆ, ಎರಡು ವರ್ಷಗಳ ನಂತರ ಮತ್ತೆ ಕುಳಿತು ಪೂರ್ತಿ ನೋಡಿದೆ. ನಿಮಗಾದ ಅಸಹ್ಯ ಸರಿಯಾದದ್ದೇ ಎಂದು ಮೊದಲಿಗೆ ಹೇಳುತ್ತೇನೆ. ಮತ್ತೆ ನೋಡುವುದಾದರೆ ಬಂದೂಕು ಹಿಡಿದವರಿಗಿಂತ ಹೆಚ್ಚಾಗಿ ಮಕ್ಕಳನ್ನು ಗಮನಿಸಿ. ದರೋಡೆಕೋರರು ಅಮೆರಿಕದ ಸೈನಿಕರ ಸಮವಸ್ತ್ರದಲ್ಲಿ ಊರೊಳಗೆ ಬರುವಾಗ ದಾರಿಬದಿಯ ಮಕ್ಕಳು ಚೇಳುಗಳನ್ನು ಇರುವೆಗಳ ನಡುವೆ ಬಿಟ್ಟು ನಗುತ್ತಿರುತ್ತಾರೆ, ಆಮೇಲೆ ಎರಡಕ್ಕೂ ಬೆಂಕಿಯಿಡುತ್ತಾರೆ. ಕಾಳಗ ಮುಗಿದ ಮೇಲೆ ಹೆಣಗಳು ಬಿದ್ದಿರುವ ಬೀದಿಯಲ್ಲೇ ಅದೇ ಕಾಳಗವನ್ನು ಆಟವಾಗಿ ಆಡುತ್ತಾರೆ. ಕೊನೆಯಲ್ಲಿ ಮುಖಂಡ ಪೈಕ್ ಬಿಷಪ್‌ಗೆ ಗುಂಡಿಕ್ಕುವವನೂ ಸಮವಸ್ತ್ರ ತೊಟ್ಟ ಒಬ್ಬ ಹುಡುಗ.

ನನ್ನ ದೊಡ್ಡ ಅನುಮಾನವಿದ್ದದ್ದು ಈ ಗಂಡಸರ ನಿಷ್ಠೆಯ ಮಾತಿನ ಬಗ್ಗೆ. ಒಮ್ಮೆ ಜೊತೆಗೂಡಿದ ಮೇಲೆ ಕೊನೆಯವರೆಗೂ ಬಿಡಬಾರದು ಎಂದು ಪೈಕ್ ಗಂಭೀರವಾಗಿ ಹೇಳುತ್ತಾನೆ. ಆದರೆ ಅಷ್ಟರಲ್ಲಾಗಲೇ ತನ್ನ ಗುಂಪಿನ ಯುವಕನೊಬ್ಬನನ್ನು ರೈಲ್ವೆ ಕಚೇರಿಯಲ್ಲಿ ಸಾಯಲು ಬಿಟ್ಟು ಬಂದಿರುತ್ತಾನೆ, ಆ ಯುವಕನ ಅಜ್ಜ ಸೈಕ್ಸ್ ಅದೇ ಗುಂಪಿನಲ್ಲಿದ್ದು ನನ್ನ ಮೊಮ್ಮಗ ಹೇಗೆ ನಡೆದುಕೊಂಡ ಎಂದು ವಿಚಾರಿಸಿದಾಗಲೇ ಅವನಿಗೆ ಆ ಸಂಬಂಧ ತಿಳಿಯುತ್ತದೆ. ಆಗ ಪೈಕ್ ಪಾತ್ರದ ನಟ ವಿಲಿಯಂ ಹೋಲ್ಡನ್ ಅವರ ಮುಖವನ್ನು ನೋಡಿ. ಪೈಕ್‌ನ ಬೆನ್ನು ಹತ್ತಿರುವ ಅವನ ಹಳೆಯ ಜೊತೆಗಾರ ಥಾರ್ನ್‌ಟನ್ ಕೂಡ, ಹಿಂದೊಮ್ಮೆ ಪೈಕ್ ತಪ್ಪಿಸಿಕೊಂಡು ಓಡಿದ್ದರಿಂದ ಸಿಕ್ಕಿಬಿದ್ದು ಜೈಲು ಕಂಡವನು. 1913ರ ಮೆಕ್ಸಿಕೊ ಕ್ರಾಂತಿಯ ನಡುವೆ ಪೈಕ್‌ನ ಗುಂಪಿನವರು ಮಾಪಾಚೆ ಎಂಬ ಕ್ರೂರ ಸೇನಾಪತಿಗೆ 10,000 ಡಾಲರ್ ಚಿನ್ನಕ್ಕಾಗಿ 16 ಪೆಟ್ಟಿಗೆ ಬಂದೂಕು ಕದ್ದು ಕೊಡಲು ಒಪ್ಪುತ್ತಾರೆ. ಅದರಲ್ಲಿ ಒಂದನ್ನು ತನ್ನ ಹಳ್ಳಿಯವರಿಗೆ ಕೊಟ್ಟ, ಗುಂಪಿನ ಮೆಕ್ಸಿಕನ್ ಯುವಕ ಏಂಜಲ್‌ನನ್ನು ಮಾಪಾಚೆ ಹಿಡಿದು ಕಾರಿಗೆ ಕಟ್ಟಿ ಎಳೆಸಿದಾಗಲೂ ಇವರು ಮೊದಲು ಸುಮ್ಮನಿರುತ್ತಾರೆ. ಮರುದಿನ ಗುಂಪಿನ ನಾಲ್ವರು ಏಂಜಲ್‌ನನ್ನು ಬಿಟ್ಟುಕೊಡುವಂತೆ ಕೇಳಲು ನಡೆದುಹೋಗುವುದು ನನಗೆ ಶೌರ್ಯವಾಗಿ ಕಾಣಲಿಲ್ಲ, ತೀರಾ ತಡವಾಗಿ ತೀರಿಸಲು ಹೊರಟ ಸಾಲದಂತೆ ಕಂಡಿತು. ಏಂಜಲ್‌ನ ಕತ್ತು ಕೊಯ್ದ ಮಾಪಾಚೆಯನ್ನು ಅವರು ಕೊಂದ ಮೇಲೆ ಸುತ್ತಲಿನ ಸೈನಿಕರು ದಂಗಾಗಿ ನಿಂತುಬಿಡುತ್ತಾರೆ, ಯಾರೂ ಗುಂಡು ಹಾರಿಸುವುದಿಲ್ಲ, ಬಹುಶಃ ಹಾಗೆಯೇ ಹೊರಟುಹೋಗಬಹುದಿತ್ತು. ಪೈಕ್ ಬೇಕೆಂದೇ ಮಾಪಾಚೆಯ ಸಲಹೆಗಾರನಾಗಿದ್ದ ಜರ್ಮನ್ ಅಧಿಕಾರಿಯ ಕಡೆಗೆ ಗುರಿಯಿಡುತ್ತಾನೆ. ಆ ಕೆಲವು ಕ್ಷಣಗಳ ಮೌನಕ್ಕಾಗಿಯಾದರೂ ನೀವು ಕೊನೆಯವರೆಗೆ ನೋಡಬೇಕೆಂದು ನನ್ನ ಸಲಹೆ.

ಎರಡನೆಯ ಉತ್ತರ: ದಯವಿಟ್ಟು ಸುಮಾರು 145 ನಿಮಿಷಗಳ ಪ್ರತಿಯನ್ನೇ ಹುಡುಕಿ. 1969ರಲ್ಲಿ ಬಿಡುಗಡೆಯಾದ ಮೇಲೆ ಅಮೆರಿಕದ ಚಿತ್ರಮಂದಿರಗಳಿಗಾಗಿ ಅದನ್ನು ಮೊಟಕುಗೊಳಿಸಿದರು. ಆಗ ಹೋದದ್ದು ರಕ್ತಪಾತವಲ್ಲ, ಥಾರ್ನ್‌ಟನ್ ಸಿಕ್ಕಿಬೀಳುವ ಹಿಂದಿನ ಕಥೆಯಂಥ ಭಾಗಗಳು. ಅವಿಲ್ಲದ ಪ್ರತಿಯನ್ನೇ ಮೊದಲು ನೋಡಿದ್ದರಿಂದ ನನಗೂ ಇದು ಬರೀ ಕೊಲೆಗಳ ಚಿತ್ರವೆನಿಸಿತ್ತು. ಚಿತ್ರದ ನಿಧಾನಗತಿಯ (ಸ್ಲೋ ಮೋಷನ್) ದೃಶ್ಯಗಳ ಬಗ್ಗೆ ಒಂದು ಮಾತು: ಒಂದೇ ಕಾಳಗವನ್ನು ಬೇರೆ ಬೇರೆ ವೇಗದ ಹಲವು ಕ್ಯಾಮೆರಾಗಳಲ್ಲಿ ಚಿತ್ರಿಸಿ, ಸಂಕಲನಕಾರ ಲೂ ಲೊಂಬಾರ್ಡೊ ಸಹಜ ವೇಗದ ತುಣುಕುಗಳ ನಡುವೆ ನಿಧಾನದ ತುಣುಕುಗಳನ್ನು ಪೋಣಿಸಿದ್ದಾರೆ. ಹಾಗಾಗಿ ಬೀಳುವವನು ಬಿದ್ದು ಮುಗಿಯುವ ಮೊದಲೇ ಕಣ್ಣು ಇನ್ನೊಂದು ಸಾವಿಗೆ ಹೋಗಿ ಮತ್ತೆ ಅವನಲ್ಲಿಗೆ ಮರಳುತ್ತದೆ. ವಿಯೆಟ್ನಾಂ ಯುದ್ಧದ ಸುದ್ದಿ ದೂರದರ್ಶನದಲ್ಲಿ ಮನೆಮನೆಗೆ ಬರುತ್ತಿದ್ದ ಕಾಲದ ಪ್ರೇಕ್ಷಕರಿಗೆ, ಗುಂಡು ತಗುಲಿದವನು ರಕ್ತವಿಲ್ಲದೆ ಅಚ್ಚುಕಟ್ಟಾಗಿ ಬೀಳುವ ಹಳೆಯ ವೆಸ್ಟರ್ನ್ ಚಿತ್ರಗಳು ಸುಳ್ಳೆನಿಸಿದ್ದರೆ ಆಶ್ಚರ್ಯವಿಲ್ಲ.

ಮೂರನೆಯ ಉತ್ತರ: ಮೇಲಿನವರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಕೊನೆಯವರೆಗೆ ನೋಡಿದರೆ ಎಲ್ಲ ಆಕ್ಷೇಪಗಳೂ ಕರಗುತ್ತವೆಂದು ನಂಬಬೇಡಿ. ನಾನು ಎರಡು ಸಲ ನೋಡಿದ್ದೇನೆ. ಗಂಡಸರ ಪಶ್ಚಾತ್ತಾಪಕ್ಕೆ ಇಷ್ಟೊಂದು ಸಮಯ ಕೊಡುವ ಚಿತ್ರ ಅಲ್ಲಿನ ಹೆಂಗಸರಲ್ಲಿ ಒಬ್ಬಳಿಗೂ ಮನಸ್ಸಿನ ಮಾತಾಡಲು ಅವಕಾಶ ಕೊಡುವುದಿಲ್ಲ. ಏಂಜಲ್‌ನನ್ನು ಬಿಟ್ಟು ಮಾಪಾಚೆಯ ಜೊತೆಗಿದ್ದ ತೆರೆಸಾ, ಅವನ ತೊಡೆಯ ಮೇಲೆ ಕುಳಿತು ನಗುತ್ತಿರುವಾಗ ಏಂಜಲ್ ಅವಳನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅವಳು ಹಳ್ಳಿಯನ್ನು ಏಕೆ ಬಿಟ್ಟಳು, ಹಸಿವಿಗೋ ಭಯಕ್ಕೋ ಆಸೆಗೋ ಎಂಬುದನ್ನು ಅವಳ ಬಾಯಿಂದ ನಾವು ಸರಿಯಾಗಿ ಕೇಳುವುದೇ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಅದೇ ಗಂಡಸರು ಬಂದೂಕುಗಳ ವ್ಯಾಪಾರಕ್ಕೆ ಕೂರುತ್ತಾರೆ. ನೀವು ನೋಡಿ, ನೋಡುವುದು ಸಾರ್ಥಕ. ಆದರೆ ಆ ವ್ಯಾಪಾರದ ಮಾತುಕತೆ ನಡೆಯುವಾಗ ಎರಡು ಸಲವೂ ನನ್ನ ಮನಸ್ಸು ತೆರೆಸಾಳ ಬಳಿಯೇ ಉಳಿದಿತ್ತು.