ಪುಟ್ಟಿ, ಮಗನ ರೂಮಿನ ಎಣ್ಣೆ ವಿಷಯ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡ್ದೆ ಕಣೆ, ಟೈಪ್ ಮಾಡಕ್ಕೆ ಕಣ್ಣು ಕಾಣಲ್ಲ ಅದಕ್ಕೇ ಮಾತಾಡ್ತಿದೀನಿ. ಸೆಕೆಂಡ್ ಪಿಯುಸಿ ಹುಡುಗ, ಓದಕ್ಕೆ ಕೂತ್ರೆ ಗಮನ ನಿಲ್ಲಲ್ಲ, ಯಾರೋ ಡಿಫ್ಯೂಸರಿಗೆ, ಅದೇ ಎಣ್ಣೆ ವಾಸನೆ ರೂಮಿಗೆಲ್ಲಾ ಹರಡೋ ಮಿಷನ್ನಿಗೆ, ನೀಲಗಿರಿ ಎಣ್ಣೆ, ಲ್ಯಾವೆಂಡರ್ ಹಾಕಿ ರಾತ್ರಿಯೆಲ್ಲಾ ಇಡಿ ಅಂದ್ರು, ಇಡ್ಲಾ ಅಂತ ಕೇಳಿದೀಯ. ಬಾಗ್ಲು ಹಾಕ್ಕೊಂಡು ಮಾತ್ರ ಇಡಬೇಡ ತಾಯಿ.

ನಿಮ್ ಚಿಕ್ಕಪ್ಪ ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದಾಗ ಏನಾಯ್ತು ಅಂತ ನಿಮಗ್ಯಾರಿಗೂ ಸರಿಯಾಗಿ ಗೊತ್ತಿಲ್ಲ. ಶಿವಮೊಗ್ಗದ ಹಳೇ ಮನೆ ಅಟ್ಟದ ರೂಮು ಗೊತ್ತಲ್ಲ, ಇರೋದು ಒಂದೇ ಕಿಟಕಿ, ಅದ್ನೂ ಮುಚ್ಕೊಂಡು, ತಲೆ ಚುರುಕಾಗ್ಲಿ ಅಂತ ಊಟಿಯಿಂದ ತಂದ ನೀಲಗಿರಿ ಎಣ್ಣೆ ಕರ್ಚೀಫಿಗೆ ಸುರ್ಕೊಂಡು, ಅದ್ರೊಳಗೆ ಕರ್ಪೂರ ಪುಡಿ ಗಂಟು ಕಟ್ಟಿ, ಮೂಗಿಗೇ ಹಿಡ್ಕೊಂಡು ಕೂರೋನು. ಒಂದಿನ ಬೆಳಗಿನ ಜಾವ ದಬ್ ಅಂತ ಸದ್ದು. ಓಡಿಹೋಗಿ ನೋಡಿದ್ರೆ ಕೈಕಾಲು ಸೆಟೆದು ಬಾಯಲ್ಲಿ ನೊರೆ. ನಮ್ಮತ್ತೆ ಬೀಗದ ಕೈ ಹುಡುಕ್ತಾರೆ, ಪಕ್ಕದ ಮನೆಯೋರು ಗಾಳಿ ಸೋಕಿದೆ ಅಂತಾರೆ. ಡಾಕ್ಟ್ರು ಹತ್ರ ಬಂದೋರೇ ಏನಿದು ವಾಸನೆ ಅಂದ್ರು. ಅದು ನಿಲ್ಲಿಸಿದ್ಮೇಲೆ ಫಿಟ್ಸ್ ಮತ್ತೆ ಬರ್ಲೇ ಇಲ್ಲ. ಬೆಂಗಳೂರು ಸೇಂಟ್ ಜಾನ್ಸ್ ಡಾಕ್ಟ್ರುಗಳೂ ನೀಲಗಿರಿ ಎಣ್ಣೆ, ಕರ್ಪೂರದಿಂದ ಫಿಟ್ಸ್ ಬಂದೋರ ಬಗ್ಗೆ ಬರೆದಿದಾರಂತೆ. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಬಾಗ್ಲು ಹಾಕಿದ ರೂಮಲ್ಲಿ ಬೇಡ.

ಅವತ್ತು ರಾತ್ರಿಯೆಲ್ಲಾ ಆಸ್ಪತ್ರೆ ಬೆಂಚಿನ ಮೇಲೆ ಕೂತೋಳು ನಾನು, ನಿಮ್ ದೊಡ್ಡಪ್ಪನೂ ಊರಲ್ಲಿರ್ಲಿಲ್ಲ. ಅದೇ ನಿಮ್ ಚಿಕ್ಕಪ್ಪ ಮಹಾರಾಯ ಮನೆ ಕಟ್ಟಿಸಿ ಗೃಹಪ್ರವೇಶದ ಪತ್ರಿಕೆ ಪೋಸ್ಟಲ್ಲಿ ಕಳಿಸ್ದ, ಮನೆಗೆ ಬಂದು ಅಕ್ಷತೆ ಕೊಟ್ಟು ಕರೀಬೇಕು ಅನ್ಸಲಿಲ್ಲ. ಈ ಗ್ರೂಪಲ್ಲೇ ಇದಾನಲ್ಲ, ಕೇಳಿಸ್ಕೊಳ್ಳಲಿ.

ಅಯ್ಯೋ ಹೇಳ್ಬೇಕಾದ್ದೇ ಮರ್ತೆ. ನಿನ್ನ ಮಗನಿಗೆ ಚಿಕ್ಕೋನಿದ್ದಾಗ ಜ್ವರದಲ್ಲಿ ಫಿಟ್ಸ್ ಬಂದಿತ್ತಲ್ವಾ? ಹಂಗಿದ್ಮೇಲೆ ಡಾಕ್ಟ್ರನ್ನ ಕೇಳೋವರೆಗೂ ನೀಲಗಿರಿ, ಕರ್ಪೂರ, ರೋಸ್ಮರಿ ಗಿಡದ ಎಣ್ಣೆ ಯಾವ್ದೂ ಮುಟ್ಟಬೇಡ. ಲ್ಯಾವೆಂಡರ್ ಅಂತೂ ನಿದ್ದೆಗೆ ಹಾಕೋದು, ಓದೋಕಲ್ಲ. ನಮ್ ಚಿಕ್ಕವಳು ಹೇಳ್ತಿದ್ಲು, 2003ರಲ್ಲಿ ಇಂಗ್ಲೆಂಡಿನ ನಾರ್ಥಂಬ್ರಿಯಾ ಯೂನಿವರ್ಸಿಟಿಯೋರು 144 ಜನರ ಮೇಲೆ ನೋಡಿದ್ರಂತೆ, ಲ್ಯಾವೆಂಡರ್ ವಾಸನೆಗೆ ತಲೆ ನಿಧಾನ ಆಯ್ತಂತೆ, ರೋಸ್ಮರಿಗೆ ಜ್ಞಾಪಕ ಸ್ವಲ್ಪ ಚೆನ್ನಾಗಾದ್ರೂ ನೆನಪು ಮಾಡ್ಕೊಳ್ಳೋದು ತಡ. ಡಾಕ್ಟ್ರು ಪರವಾಗಿಲ್ಲ ಅಂದ್ರೆ ಎರಡೇ ಹನಿ, ಕಿಟಕಿ ತೆಗೆದು, ಅರ್ಧ ಗಂಟೆ, ಆಮೇಲೆ ಆಫ್ ಮಾಡು. ಬಾಟ್ಲಿ ಎತ್ತರದಲ್ಲಿಡು, ನಿನ್ನ ತಂಗಿ ಮಗು ಕೈಗೆ ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕುತ್ತೆ, ಈ ಎಣ್ಣೆ ಒಂದು ಚಮಚ ಒಳಗೆ ಹೋದ್ರೂ ಮಕ್ಕಳಿಗೆ ವಿಷ. ಮತ್ತೆ ಆ ಬಾಟ್ಲಿ ಮೇಲೆ ಏನೇನು ಬರ್ದಿದೆ ಫೋಟೋ ತೆಗ್ದು ಇಲ್ಲೇ ಹಾಕು, ಚಿಕ್ಕವಳ ಹತ್ರ ಓದಿಸ್ತೀನಿ.