ಎರೆ ಭೂಮಿಯಲ್ಲಿ ಆಶ್ರಯ ಬಡಾವಣೆ: ನೆಲ ಹದ ಮಾಡುವುದು, ದಾರಿ ಹಾಕುವುದು

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯೆ, ಯಲಬುರ್ಗಾ ತಾಲೂಕು):
ಎಲ್ಲರಿಗೂ ನಮಸ್ಕಾರ. ವಸತಿ ಯೋಜನೆಗೆ ನಮ್ಮೂರಲ್ಲಿ 4 ಎಕರೆ ಗೋಮಾಳ ಮಂಜೂರಾಗಿದೆ. ಪೂರ್ತಿ ಎರೆ ಮಣ್ಣು, ಅರ್ಧ ಜಾಗದಲ್ಲಿ ಬಳ್ಳಾರಿ ಜಾಲಿ. ಡಾಂಬರು ರಸ್ತೆಯಿಂದ 400 ಮೀಟರ್ ಒಳಗೆ ಹೋಗಬೇಕು, ಇರುವುದು ಬಂಡಿ ದಾರಿ ಮಾತ್ರ. 20×30 ಅಡಿಯ ನಿವೇಶನ ಎಷ್ಟು ಕೂರುತ್ತವೆ? ಮೊದಲು ಯಾವ ಕೆಲಸ ಹಿಡಿಯಬೇಕು? ರಸ್ತೆಗೆ ಗರಸು ಎಷ್ಟು ಬೇಕಾದೀತು?

ಉತ್ತರ (ನಿವೃತ್ತ ಸಹಾಯಕ ಎಂಜಿನಿಯರ್):
ಮೇಡಂ, 4 ಎಕರೆ ಎಂದರೆ 160 ಗುಂಟೆ, 1,74,240 ಚದರ ಅಡಿ. ರಸ್ತೆ, ಚರಂಡಿ, ಬಯಲು, ಅಂಗನವಾಡಿ ಜಾಗ ಕಳೆದರೆ ಕೈಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. 600 ಚದರ ಅಡಿಯಂತೆ 145 ನಿವೇಶನ. ಯಾರಾದರೂ 200 ಕೂರಿಸಿಕೊಡುತ್ತೇನೆ ಎಂದರೆ ರಸ್ತೆಯ ಅಗಲಕ್ಕೆ ಕತ್ತರಿ ಬಿದ್ದಿದೆ ಎಂದೇ ತಿಳಿಯಿರಿ. ಪಹಣಿಯಲ್ಲಿ ಬಿ ಖರಾಬು ಇದೆಯೇ ನೋಡಿ. ಹಳ್ಳ, ದಾರಿ ಎಂದು ಬಿ ಖರಾಬಿನಲ್ಲಿ ಬಿಟ್ಟದ್ದು ನಿವೇಶನಕ್ಕೆ ಸಿಗುವುದಿಲ್ಲ, ಲೆಕ್ಕದಿಂದ ಮೊದಲೇ ತೆಗೆಯಿರಿ.

ಮೊದಲ ಕೆಲಸ ರಸ್ತೆಯೂ ಅಲ್ಲ, ಮನೆಯೂ ಅಲ್ಲ, ನೀರು ಹೊರಗೆ ಹೋಗುವ ದಾರಿ. ಲೆವೆಲ್ ಯಂತ್ರ ಇಟ್ಟು 10 ಮೀಟರ್‌ಗೊಂದು ಮಟ್ಟ ತೆಗೆಸಿ. 4 ಎಕರೆ ಚೌಕವಾಗಿದ್ದರೆ ಒಂದು ಬದಿ ಸುಮಾರು 127 ಮೀಟರ್. ಚರಂಡಿಗೆ 200ಕ್ಕೆ 1ರ ಇಳಿಜಾರು ಕೊಟ್ಟರೆ ಈ ತುದಿಯಿಂದ ಆ ತುದಿಗೆ 63 ಸೆಂ.ಮೀ. ಇಳಿಯುತ್ತದೆ. ಶುರುವಿನಲ್ಲಿ 30 ಸೆಂ.ಮೀ. ಆಳ ಇದ್ದರೆ, ನೆಲ ಸಮತಟ್ಟಾಗಿದ್ದಲ್ಲಿ ಕೊನೆಯಲ್ಲಿ 3 ಅಡಿ ಮೀರುತ್ತದೆ. ಅಲ್ಲಿಂದ ಮುಂದೆ ನೀರು ಬೀಳುವ ಹಳ್ಳದ ತಳ ಇದಕ್ಕಿಂತ ಕೆಳಗಿದೆಯೇ? ಇಲ್ಲದಿದ್ದರೆ ಬಡಾವಣೆ ಬಟ್ಟಲಾಗುತ್ತದೆ, ಮೇಲೆ ಎಂಥ ರಸ್ತೆ ಹಾಕಿದರೂ ಉಪಯೋಗವಿಲ್ಲ. ಮೇಲ್ಗಡೆ ಹೊಲಗಳಿದ್ದರೆ ಅವುಗಳ ನೀರು ಒಳಗೆ ನುಗ್ಗದಂತೆ ಗಡಿಯ ಮೇಲಂಚಿನಲ್ಲೇ ಒಂದು ಅಡ್ಡಗಾಲುವೆ ತೋಡಿ ಹಳ್ಳಕ್ಕೆ ತಿರುಗಿಸಿ.

ಉತ್ತರ (ಭೂಮಾಪಕ):
ಎಂಜಿನಿಯರ್ ಸಾಹೇಬರ ಮಾತಿಗೆ ಒಂದು ಸೇರಿಸುತ್ತೇನೆ. ಆ ಬಂಡಿ ದಾರಿ ಗ್ರಾಮ ನಕಾಶೆಯಲ್ಲಿದೆಯೇ, ಇದ್ದರೆ ಎಷ್ಟು ಅಗಲ ಎಂಬುದು ಖಾತ್ರಿಯಾಗಬೇಕು. ನಕಾಶೆಯಲ್ಲಿ ಇಲ್ಲದ, ರೂಢಿಯಲ್ಲಿ ಓಡಾಡುವ ದಾರಿ ಎಂದರೆ ಅಕ್ಕಪಕ್ಕದ ಹಿಡುವಳಿದಾರರ ಒಪ್ಪಿಗೆ ಬರಹದಲ್ಲಿ ಬೇಕು. ಬಾಯಿ ಮಾತಿನ ಒಪ್ಪಿಗೆ ಟಿಪ್ಪರ್ ಬಂದ ದಿನ ಮುರಿಯುತ್ತದೆ. ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು) ಮಾಡಿಸಿ ಕಲ್ಲು ನೆಟ್ಟ ಮೇಲೇ ಜೆಸಿಬಿ ಇಳಿಸಿ. ಜಾಲಿ ತೆಗೆಯುವಾಗ ಹಳೆಯ ಗಡಿಕಲ್ಲು ಕಿತ್ತುಹೋಗುವುದು ಸಾಮಾನ್ಯ, ಹಾಗಾಗಿ ಪ್ರತಿ ಕಲ್ಲಿಗೂ ದೂರದ ಎರಡು ಕಾಯಂ ಗುರುತುಗಳಿಂದ ಅಳತೆ ಬರೆದಿಟ್ಟುಕೊಳ್ಳಿ. ಡಾಂಬರು ರಸ್ತೆಗೆ ಕೂಡುವ ಜಾಗಕ್ಕೆ ಆ ರಸ್ತೆ ಯಾವ ಇಲಾಖೆಯದೋ ಅವರ ಅನುಮತಿ ಬೇಕು. ಕೂಡುವಲ್ಲಿ ರಸ್ತೆಬದಿಯ ಗಟಾರ ಮುಚ್ಚಬಾರದು, ಪೈಪ್ ಇಟ್ಟೇ ದಾಟಬೇಕು.

ಉತ್ತರ (ಜೆಸಿಬಿ–ರೋಲರ್ ಗುತ್ತಿಗೆದಾರ):
ಅಕ್ಕಾರ, ಬಳ್ಳಾರಿ ಜಾಲಿನ ನೆಲಮಟ್ಟಕ್ಕ ಕೊಯ್ದು ಬಿಟ್ರ ಒಂದೇ ಮಳಿಗೆ ಮತ್ತ ಚಿಗುರ್ತೈತ್ರಿ. ಬುಡದ ಗಂಟು ನೆಲದಿಂದ ಒಂದು ಅಡಿ ಕೆಳಗಿನವರೆಗೂ ಬರಬೇಕು. ರಸ್ತೆ ಬರೋ ಕಡೆ ಬೇರು ಪೂರಾ ತೆಗೀರಿ, ಬಿಟ್ಟ ಬೇರು ಕೊಳೆತು ಪೊಳ್ಳಾಗಿ ಆಮೇಲೆ ಅಲ್ಲೇ ಕುಸೀತೈತಿ. ಕಿತ್ತ ಗುಂಡಿಗೆ ಎರೆ ಮಣ್ಣನ್ನೇ ವಾಪಸ್ ತಳ್ಳಬ್ಯಾಡ್ರಿ. ಗರಸು ಹಾಕಿ, ಅರ್ಧ ಅಡಿಗೊಂದು ಸಲ ನೀರು ಹೊಡೆದು ದಿಮ್ಮಸು ಹಾಕಬೇಕು. ಆಮೇಲೆ ಮೇಲಿನ 15 ಸೆಂ.ಮೀ. ಹುಲ್ಲು–ಬೇರಿನ ಮಣ್ಣು ಕೆರೆದು ಒಂದು ಕಡೆ ರಾಶಿ ಹಾಕಿ, ಅದು ಗಿಡ ನೆಡಾಕ ಬರ್ತೈತಿ, ರಸ್ತೆಗೆ ಬರಂಗಿಲ್ಲ.

ಪ್ರಶ್ನೆ (ಅದೇ ಸದಸ್ಯೆ):
ಎರೆ ಮಣ್ಣಿನ ಮೇಲೆ ನೇರ ಕಡಿ ಹಾಕಿ ರೋಲರ್ ಹೊಡೆದರೆ ನಡೆಯುವುದಿಲ್ಲವೇ? ಗರಸು ದೂರದಿಂದ ಬರಬೇಕು, ಖರ್ಚು ಹೆಚ್ಚು.

ಉತ್ತರ (ನಿವೃತ್ತ ಸಹಾಯಕ ಎಂಜಿನಿಯರ್):
ನಡೆಯುವುದಿಲ್ಲ. ಮಳೆಗಾಲದಲ್ಲಿ ಮೆತ್ತಗಾದ ಎರೆ ಮಣ್ಣು ಕಡಿಯ ಸಂದಿಗಳಲ್ಲಿ ಮೇಲೇರುತ್ತದೆ, ಕಡಿ ಕೆಳಗಿಳಿಯುತ್ತದೆ. ಎರಡು ವರ್ಷದಲ್ಲಿ ಹಾಕಿದ ಕಡಿಯೇ ಕಾಣುವುದಿಲ್ಲ. ನಾಲ್ಕು ದಿನ ನೀರಲ್ಲಿ ನೆನೆಸಿ ಮಾಡುವ ಸಿಬಿಆರ್ (ನೆಲ ಭಾರ ಹೊರುವ ಶಕ್ತಿಯ) ಪರೀಕ್ಷೆಯಲ್ಲಿ ಈ ಮಣ್ಣಿಗೆ ಸಾಮಾನ್ಯವಾಗಿ ಬರುವುದು ಶೇ. 2–3. ಜೊತೆಗೆ ನೀರಲ್ಲಿ ಮಣ್ಣು ಎಷ್ಟು ಉಬ್ಬುತ್ತದೆಂದು ಹೇಳುವ ಮುಕ್ತ ಉಬ್ಬುವಿಕೆ ಸೂಚ್ಯಂಕವನ್ನೂ ಮಾಡಿಸಿ, ಶೇ. 50 ದಾಟಿದರೆ ಮಣ್ಣಿಗೆ ಉಪಚಾರ ಬೇಕೇ ಬೇಕು.

ಉಪಚಾರ ಎಂದರೆ ಎರೆಗೂ ರಸ್ತೆಗೂ ನಡುವೆ ಉಬ್ಬದ ಮಣ್ಣಿನ ಹಾಸು. 60 ಸೆಂ.ಮೀ. ಇದ್ದರೆ ಒಳ್ಳೆಯದು. ಅಂದಾಜು ಪಟ್ಟಿಯಲ್ಲಿ ಹಣ ಸಾಲದಿದ್ದರೂ 30ಕ್ಕಿಂತ ಇಳಿಸಬೇಡಿ. ಇಲ್ಲೊಂದು ಸೂಕ್ಷ್ಮ ಇದೆ. ಹಾಸಿನ ಗರಸು ಬರೀ ಕಲ್ಲುಮರಳು ಇರಬಾರದು, ಸ್ವಲ್ಪ ಅಂಟು ಇರಬೇಕು. ಪೂರ್ತಿ ಸಡಿಲ ಗರಸಾದರೆ ಮಳೆನೀರು ಅದರಲ್ಲಿಳಿದು ಎರೆಯ ಮೇಲೆ ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ, ನಾವೇ ಎರೆಗೆ ನೀರುಣಿಸಿದಂತಾಗುತ್ತದೆ.

ಲೆಕ್ಕ: ಉದ್ದ 400 ಮೀ., ಭುಜ (ಓಡುದಾರಿಯ ಎರಡೂ ಬದಿಯ ಅಂಚು) ಸೇರಿ ಅಗಲ 6 ಮೀ., ದಪ್ಪ 0.3 ಮೀ. ಆದರೆ ಬಿಗಿಯಾದ ಮೇಲೆ 720 ಘನ ಮೀಟರ್. ಸಡಿಲ ಲೆಕ್ಕಕ್ಕೆ ಕಾಲು ಭಾಗ ಸೇರಿಸಿ, 900. ಬ್ರಾಸ್‌ನಲ್ಲಿ (100 ಘನ ಅಡಿಗೆ ಒಂದು ಬ್ರಾಸ್) ಸುಮಾರು 318, ಎರಡು ಬ್ರಾಸ್ ಟಿಪ್ಪರ್‌ನಲ್ಲಿ 160 ಸುತ್ತು. ಇದರ ಮೇಲೆ 15 ಸೆಂ.ಮೀ. ಜಿಎಸ್‌ಬಿ (ನೀರು ಬಸಿಯುವ ಕಡಿ–ಮರಳಿನ ತಳಪದರ) ಬಿಗಿ ಲೆಕ್ಕದಲ್ಲಿ 360 ಘನ ಮೀಟರ್. ಜಿಎಸ್‌ಬಿಯನ್ನು 3.75 ಮೀಟರ್ ಓಡುದಾರಿಗೆ ಮಾತ್ರ ಹಾಕಿ ಎರಡೂ ಬದಿ ಮಣ್ಣಿನ ಭುಜ ಕಟ್ಟಿದರೆ ಒಳಗಿಳಿದ ನೀರು ಹೊರಹೋಗುವ ಬಾಗಿಲು ಮುಚ್ಚಿದಂತೆ. ಜಿಎಸ್‌ಬಿ ಇಳಿಜಾರಿನ ಅಂಚಿನವರೆಗೂ ಹೋಗಬೇಕು, ಅದಕ್ಕೇ 6 ಮೀಟರ್ ಹಿಡಿದದ್ದು. ಗರಸು ಉಪಖನಿಜ, ರಾಜಧನ ಕಟ್ಟಿದ ಜಾಗದಿಂದಲೇ ತರಿಸಿ. ಕೆರೆ ಏರಿಯ ಬುಡದಿಂದಂತೂ ಒಂದು ಬುಟ್ಟಿಯೂ ಬೇಡ.

ಉತ್ತರ (ಜೆಸಿಬಿ–ರೋಲರ್ ಗುತ್ತಿಗೆದಾರ):
ಹೊಡೆಯೋ ವಿಧಾನ ಹೇಳ್ತೀನಿ. ಬ್ಯಾಸಿಗ್ಯಾಗ ಎರೆ ಬಿರುಕು ಬಿಟ್ಟು ಗಜ ಆಳ ಬಾಯಿ ತೆರೆದಿರ್ತೈತಿ. ಅದರ ಮ್ಯಾಲೆ ಹಂಗ ಗರಸು ಸುರಿದ್ರ ಮಳೆಗಾಲದಾಗ ಬಿರುಕಿನೊಳಗ ಇಳಿದು ರಸ್ತೆ ಅಲ್ಲಲ್ಲಿ ತಗ್ಗು ಬೀಳ್ತೈತಿ. ಮೇಲಿನ ಅರ್ಧ ಅಡಿ ಉಳುಮೆ ಮಾಡಿ, ನೀರು ಹಾಯಿಸಿ, ಹೆಂಟೆ ಒಡೆದು ಆಮೇಲೆ ರೋಲರ್. ಮಳೆಗಾಲ ಮುಗಿದು ನೆಲ ಇನ್ನೂ ಹಸಿ ಇರೋ ಡಿಸೆಂಬರ್–ಫೆಬ್ರವರಿ ಒಳ್ಳೆ ಟೈಮ್, ಟ್ಯಾಂಕರ್ ನೀರು ಅರ್ಧ ಉಳೀತೈತಿ. ಗರಸು 20 ಸೆಂ.ಮೀ. ಸಡಿಲ ಹರವಿದ್ರ 15ಕ್ಕ ಬಿಗಿ ಆಗ್ತೈತಿ. ಒಂದೇ ಸಲ ಒಂದೂವರೆ ಅಡಿ ಸುರಿದು ಮೇಲಿಂದ ರೋಲರ್ ಓಡಿಸಿದ್ರ ಮೇಲೆ ಕಲ್ಲಿನಂಗ ಕಾಣ್ತೈತಿ, ಕೆಳಗ ಹಂಗ ಸಡಿಲ. ಕೈಯಾಗ ಹಿಡಿದು ಉಂಡಿ ಕಟ್ರಿ. ಉಂಡಿ ಆಗಬೇಕು, ಅಂಗೈಗೆ ನೀರು ಹತ್ತಬಾರದು.

ಉತ್ತರ (ನಿವೃತ್ತ ಸಹಾಯಕ ಎಂಜಿನಿಯರ್):
ಉಂಡೆ ಸರಿ, ಆದರೆ ಬಿಲ್ಲಿಗೆ ಉಂಡೆ ಸಾಲದು. ಪ್ರತಿ ಪದರಕ್ಕೂ ಮರಳು ತುಂಬಿಸಿ ಮಾಡುವ ಸಾಂದ್ರತೆ ಪರೀಕ್ಷೆ ಬೇಕು. ಇನ್ನೊಂದು ವಿಷಯ ಬಹಳ ಜನ ಉಲ್ಟಾ ತಿಳಿದಿದ್ದಾರೆ. ಗರಸನ್ನು ಎಷ್ಟು ಬಿಗಿ ಮಾಡಿದರೂ ಒಳ್ಳೆಯದು, ಎರೆಯನ್ನು ಹಾಗಲ್ಲ. ಒಣ ಎರೆಯನ್ನು ಭಾರಿ ರೋಲರ್‌ನಿಂದ ಬಡಿದು ಗಟ್ಟಿ ಮಾಡಿದರೆ ನೀರು ಕುಡಿದಾಗ ಅದು ಹೆಚ್ಚು ಉಬ್ಬುತ್ತದೆ. ಎರೆಗೆ ಹಗುರ ಪ್ರಾಕ್ಟರ್ ಪರೀಕ್ಷೆಯಲ್ಲಿ (ಹಗುರ ಸುತ್ತಿಗೆಯಿಂದ ಬಡಿದು ನೋಡುವುದು) ಬರುವ ಗರಿಷ್ಠ ಸಾಂದ್ರತೆಯ ಶೇ. 95 ಸಾಕು, ತೇವ ಹದಕ್ಕಿಂತ ಒಂದೆರಡು ಅಂಶ ಹೆಚ್ಚೇ ಇರಲಿ.

ಪ್ರಶ್ನೆ (ಹೊಸ ಎಂಜಿನಿಯರ್, ಗದಗ):
ಸರ್, ಗರಸು ಸಿಗದ ಕಡೆ ಸುಣ್ಣ ಬೆರೆಸಬಹುದಲ್ಲ? ಮತ್ತೆ ಚರಂಡಿ ರಸ್ತೆ ದಾಟುವಲ್ಲಿ 450 ಮಿ.ಮೀ. ಪೈಪ್ ಸಾಕೇ?

ಉತ್ತರ (ನಿವೃತ್ತ ಸಹಾಯಕ ಎಂಜಿನಿಯರ್):
ಸುಣ್ಣ ಚೆನ್ನಾಗಿ ಕೆಲಸ ಮಾಡುತ್ತದೆ, ಬೆರೆಸುವವರು ಸರಿಯಾಗಿ ಬೆರೆಸಿದರೆ. ಒಣ ಮಣ್ಣಿನ ತೂಕಕ್ಕೆ ಶೇ. 3–5, ಎಷ್ಟೆಂದು ಪ್ರಯೋಗಾಲಯ ಹೇಳಬೇಕು. ಶೇ. 4 ಹಿಡಿದರೆ 15 ಸೆಂ.ಮೀ. ಪದರಕ್ಕೆ ಚದರ ಮೀಟರ್‌ಗೆ ಸುಮಾರು 9 ಕೆ.ಜಿ. ಟ್ರ್ಯಾಕ್ಟರ್ ರೋಟಾವೇಟರ್‌ನಿಂದ ಹೆಂಟೆ ಪುಡಿಯಾಗುವ ತನಕ ಬೆರೆಸಿ. ಹೆಂಟೆಯ ಹೊರಗೆ ಬಿಳಿ, ಒಳಗೆ ಕಪ್ಪು ಕಂಡರೆ ಸುಣ್ಣ ದಂಡ. ರೋಲರ್ ಆದ ಮೇಲೆ 7 ದಿನ ತೇವ ಆರಬಾರದು. ಅರಳಿದ ಸುಣ್ಣವನ್ನೇ ತರಿಸಿ, ಸುಟ್ಟ ಸುಣ್ಣದ ಪುಡಿ ಕೂಲಿಯವರ ಕಣ್ಣು ಸುಡುತ್ತದೆ. ಕನ್ನಡಕ, ಕೈಗವಸು ಕೊಡಿ.

ಪೈಪಿಗೆ ಲೆಕ್ಕ ಮಾಡೋಣ. ಬಡಾವಣೆ 1.62 ಹೆಕ್ಟೇರ್, ಹರಿವಿನ ಗುಣಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು) 0.6, ಮಳೆ ಗಂಟೆಗೆ 75 ಮಿ.ಮೀ. ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 200 ಲೀಟರ್. 200ಕ್ಕೆ 1ರ ಇಳಿಜಾರಿನಲ್ಲಿ 450ರ ಪೈಪ್ ತುಂಬಿ ಹರಿದರೆ ಒಯ್ಯುವುದೂ ಅಷ್ಟೇ, 200. ಅಂದರೆ ಒಂದು ಬುಟ್ಟಿ ಹೂಳು ಕೂತರೂ ನೀರು ರಸ್ತೆಗೆ. 600 ಆದರೆ 430 ಲೀಟರ್ ಒಯ್ಯುತ್ತದೆ, ಸಲಿಕೆಯೂ ಒಳಗೆ ಹೋಗುತ್ತದೆ. ಎನ್‌ಪಿ3 ದರ್ಜೆಯ (ವಾಹನದ ಭಾರ ತಡೆಯುವ) ಕಾಂಕ್ರೀಟ್ ಪೈಪ್ ಹಾಕಿ, ಮೇಲೆ 60 ಸೆಂ.ಮೀ. ಮಣ್ಣಿನ ಮುಚ್ಚಿಗೆ ಸಿಗಬೇಕು.

ಇದು ಬಡಾವಣೆಯ ಒಳಗಿನ ಲೆಕ್ಕ. 400 ಮೀಟರ್ ದಾರಿಯದು ಬೇರೆಯೇ. ಎರೆ ಸೀಮೆಯ ಬಂಡಿ ದಾರಿ ಸವೆದು ಹೊಲಕ್ಕಿಂತ ತಗ್ಗಿರುತ್ತದೆ, ಮಳೆಯಲ್ಲಿ ಅದೇ ಹಳ್ಳ. ಅದನ್ನೇ ಎತ್ತರಿಸಿದಿರೆಂದರೆ ಆ ನೀರು ಹೊಲದಲ್ಲಿ ನಿಲ್ಲುತ್ತದೆ, ಬೆಳೆ ಕೊಳೆಯುವ ಮೊದಲು ರೈತರು ಸಲಿಕೆ ಹಿಡಿದು ರಸ್ತೆ ಕಡಿಯುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ನೀರು ಎಲ್ಲೆಲ್ಲಿ ದಾಟುತ್ತದೆಂದು ಅವರನ್ನೇ ಕೇಳಿ ಅಲ್ಲಲ್ಲೇ ಪೈಪ್ ಇಡಿ. ಎರಡೂ ತುದಿಗೆ ಕಲ್ಲಿನ ಗೋಡೆ ಇರಲಿ.

ಪ್ರಶ್ನೆ (ಅದೇ ಸದಸ್ಯೆ):
ಒಳರಸ್ತೆಗೆ ಸಿಸಿ (ಸಿಮೆಂಟ್ ಕಾಂಕ್ರೀಟ್) ಮೊದಲೇ ಹಾಕಿಸಿದರೆ ಮನೆ ಕಟ್ಟುವವರಿಗೆ ಅನುಕೂಲ ಅಲ್ಲವೇ?

ಉತ್ತರ (ನಿವೃತ್ತ ಸಹಾಯಕ ಎಂಜಿನಿಯರ್):
ಬೇಡ. ಜಿಎಸ್‌ಬಿ ತನಕ ಮಾಡಿ ನಿಲ್ಲಿಸಿ. ನೂರೈವತ್ತು ಮನೆಯ ಇಟ್ಟಿಗೆ, ಕಡಿ, ಕಬ್ಬಿಣ ಎಲ್ಲ ಅದರ ಮೇಲೇ ಬರಲಿ. ತಗ್ಗು ಬೀಳುವುದಿದ್ದರೆ ಆಗಲೇ ಬೀಳುತ್ತದೆ, ತುಂಬಿ ಮತ್ತೆ ರೋಲರ್ ಹೊಡೆಯುವುದು ಅಗ್ಗ. ಜಿಎಸ್‌ಬಿಗೂ ಮೊದಲು ರಸ್ತೆ ದಾಟುವ ನಳದ ತೋಳುಪೈಪುಗಳನ್ನು (ಮುಂದೆ ನಳದ ಕೊಳವೆ ತೂರಿಸಲು ಖಾಲಿ ಪೈಪು) ಹೂತುಬಿಡಿ. ನಾಲ್ಕು ಮನೆಗೊಂದರಂತೆ 110 ಮಿ.ಮೀ. ಪಿವಿಸಿ, ಸುಮಾರು 3 ಅಡಿ ಆಳ, ತುದಿಗೆ ಮುಚ್ಚಳ, ಮೇಲೆ ಗುರುತಿನ ಕಲ್ಲು. ಇದನ್ನು ಮರೆತರೆ ಪ್ರತಿ ನಳ ಸಂಪರ್ಕಕ್ಕೂ ಸಿಸಿ ಕೊಯ್ಯುತ್ತಾರೆ, ಆ ಸೀಳಿನಿಂದ ನೀರು ಎರೆಗೆ ಇಳಿಯುತ್ತದೆ. ವಿದ್ಯುತ್ ಕಂಬದ ಜಾಗವನ್ನೂ ಜೆಸ್ಕಾಂನವರಿಂದ ಈಗಲೇ ಗುರುತು ಮಾಡಿಸಿ.

ಮನೆಗಳು ಚಾವಣಿ ಕಂಡ ಮೇಲೆ ಸಿಸಿ: 15 ಸೆಂ.ಮೀ. ದಪ್ಪ, ಎಂ30 ದರ್ಜೆಯ ಕಾಂಕ್ರೀಟ್, ಕೆಳಗೆ ಪ್ಲಾಸ್ಟಿಕ್ ಹಾಳೆ. ಪ್ರತಿ 2.5ರಿಂದ 4 ಮೀಟರ್‌ಗೆ ದಪ್ಪದ ಮೂರನೇ ಒಂದು ಭಾಗ ಆಳಕ್ಕೆ ಕೀಲು ಕೊಯ್ಯಬೇಕು, ಅದೂ ಹಾಕಿದ 24 ಗಂಟೆಯೊಳಗೆ. ನೀವು ಕೊಯ್ಯದಿದ್ದರೆ ಕಾಂಕ್ರೀಟ್ ತಾನೇ ತನಗೆ ಬೇಕಾದಲ್ಲಿ ಸೀಳಿಕೊಳ್ಳುತ್ತದೆ. ಮಣ್ಣಿನ ಮಡಿ ಕಟ್ಟಿ 14 ದಿನ ನೀರು ನಿಲ್ಲಿಸಿ.

ಪ್ರಶ್ನೆ (ಅದೇ ಸದಸ್ಯೆ):
ಕೊನೆಯದು ಸರ್. ಮನೆಯ ಪ್ಲಿಂತ್ (ಪಾಯದ ಮೇಲಿನ ಕಟ್ಟೆ) ಎಷ್ಟು ಎತ್ತರ ಇರಬೇಕೆಂದು ಫಲಾನುಭವಿಗಳಿಗೆ ಹೇಳೋಣ?

ಉತ್ತರ (ನಿವೃತ್ತ ಸಹಾಯಕ ಎಂಜಿನಿಯರ್):
ನೆಲದಿಂದ ಅಳೆಯಬೇಡಿ, ಸಿದ್ಧವಾಗಲಿರುವ ಸಿಸಿ ರಸ್ತೆಯ ನಡುಮಟ್ಟದಿಂದ ಅಳೆಯಿರಿ. ಅಲ್ಲಿಂದ 60 ಸೆಂ.ಮೀ. ಇರಲಿ, 45ಕ್ಕಿಂತ ಕಡಿಮೆ ಬೇಡ. ಜಿಎಸ್‌ಬಿ ಹಂತದಲ್ಲೇ ಪ್ರತಿ ಸಾಲಿನ ಮೂಲೆಗಲ್ಲಿಗೆ ಆ ಮಟ್ಟವನ್ನು ಕೆಂಪು ಬಣ್ಣದಲ್ಲಿ ಬರೆಸಿಬಿಡಿ. ಪಾಯದ ಅಗೆತದಿಂದ ಬಂದ ಎರೆಯನ್ನು ಪ್ಲಿಂತ್ ಒಳಗೆ ತುಂಬಲು ಬಿಡಬೇಡಿ, ನೆಲಹಾಸು ಎದ್ದು ಬರುತ್ತದೆ. 60 ಸೆಂ.ಮೀ. ಹತ್ತಲು 15ರ ನಾಲ್ಕು ಏರು, ಮುಂದೆ ಹೆಚ್ಚುಕಡಿಮೆ 3 ಅಡಿ ಜಾಗ. ಅದು ನಿವೇಶನದ ಒಳಗೇ ಸಿಗುವಂತೆ ಪಾಯದ ಗುರುತು ಹಿಂದಕ್ಕೆ ಹಾಕಿಸಿ. ಇಲ್ಲದಿದ್ದರೆ ಮೆಟ್ಟಿಲು ಚರಂಡಿಯ ಮೇಲೆ ಬಂದು ಕೂರುತ್ತದೆ, ಹೂಳು ತೆಗೆಯಲು ಸಲಿಕೆ ಇಳಿಯುವುದಿಲ್ಲ.